ಸ್ವತ್ತಿನ ರಕ್ಷಣೆ, ವ್ರತದ ರಕ್ಷಣೆ

ಚತುರ್ದಶಿಯ ದಿನ ಪ್ರೋಷಧೋಪವಾಸವನ್ನು ಕೈಗೊಂಡು ಬಸದಿಯಲ್ಲಿ ಕುಳಿತ ಗೃಹಸ್ಥನ ಮನಸ್ಸು ಎಲ್ಲಿರುತ್ತದೆ? ನಾಲಗೆಯು ಪಂಚನಮಸ್ಕಾರ ಮಂತ್ರವನ್ನು ಜಪಿಸುತ್ತಿರಬಹುದು. ಹೊಟ್ಟೆಯು ನಾಲ್ಕು ವಿಧದ ಆಹಾರವನ್ನೂ ತ್ಯಜಿಸಿರಬಹುದು. ಆದರೆ ಹಿಂದಿನ ದಿನ ಅಂಚೆಯವನು ತಂದುಕೊಟ್ಟ ನ್ಯಾಯಾಲಯದ ನೋಟೀಸು ಮನೆಯ ಕಪಾಟಿನಲ್ಲಿದ್ದರೆ, ಆ ದಿನವೆಲ್ಲ ಅವನು ವಾಸಿಸುವುದು ಆತ್ಮನ ಸಮೀಪದಲ್ಲಿಯೋ, ಆ ಕಪಾಟಿನ ಸಮೀಪದಲ್ಲಿಯೋ? ಉಪವಾಸದ ದಿನ ಆರಂಭವನ್ನು, ಎಂದರೆ ವ್ಯಾಪಾರ ವ್ಯವಹಾರಗಳನ್ನು, ಬಿಡಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ಅಂಗಡಿಯ ಬಾಗಿಲನ್ನು ಮುಚ್ಚುವುದು ಸುಲಭ. ಮನಸ್ಸಿನೊಳಗೆ ತೆರೆದಿರುವ ಲೆಕ್ಕದ ಪುಸ್ತಕವನ್ನು ಮುಚ್ಚುವುದು ಸುಲಭವಲ್ಲ.

ಈ ಕಾರಣದಿಂದ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕಾಗಿದೆ. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ತನ್ನ ಮನೆ, ಹೊಲ, ಉಳಿತಾಯಗಳನ್ನು ಮುಂದೆ ಬರಬಹುದಾದ ಸಾಲ, ವ್ಯಾಜ್ಯ, ನಷ್ಟಗಳಿಂದ ಕಾಪಾಡಿಕೊಳ್ಳಲು ಮುಂಚಿತವಾಗಿಯೇ ವ್ಯವಸ್ಥೆ ಮಾಡಿಕೊಳ್ಳಬಹುದೇ? ಮಾಡಿಕೊಂಡರೆ ಅದು ವಿವೇಕವೋ, ವ್ರತಕ್ಕೆ ಅತಿಚಾರವೋ?

ಮೇಲ್ನೋಟಕ್ಕೆ ಶಾಸ್ತ್ರದ ಉತ್ತರವು ಕಠಿಣವಾಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ರೌದ್ರಧ್ಯಾನಕ್ಕೆ ನಾಲ್ಕು ನಿಮಿತ್ತಗಳನ್ನು ಹೇಳಿದ್ದಾರೆ. ಹಿಂಸೆ, ಅಸತ್ಯ, ಚೌರ್ಯ ಇವು ಮೊದಲಿನ ಮೂರು. ನಾಲ್ಕನೆಯದು ವಿಷಯಸಂರಕ್ಷಣೆ. ತನ್ನ ಭೋಗದ ವಸ್ತುಗಳನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಚಿಂತನೆಯನ್ನು ಹಿಂಸೆ, ಕಳ್ಳತನಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿದ್ದಾರೆ! ಅದೂ ಅವಿರತನಲ್ಲಿ ಮಾತ್ರವಲ್ಲದೆ, ಅಣುವ್ರತಗಳನ್ನು ಧರಿಸಿದ ದೇಶವಿರತನಲ್ಲಿಯೂ ಈ ಧ್ಯಾನವು ಉಂಟಾಗಬಹುದೆಂದು ಎಚ್ಚರಿಸಿದ್ದಾರೆ. ಹಾಗಾದರೆ ವಿಮೆಯ ಕಂತು ಕಟ್ಟುವವನೂ, ಮರಣಶಾಸನ ಬರೆಯುವವನೂ, ಆಸ್ತಿಯನ್ನು ವಿಂಗಡಿಸಿ ಇಡುವವನೂ ರೌದ್ರಧ್ಯಾನಿಗಳೇ?

ಹಾಗೆಂದು ತೀರ್ಮಾನಿಸುವ ಮೊದಲು ಅದೇ ಶಾಸ್ತ್ರದ ಇನ್ನೊಂದು ಮಾತನ್ನು ನೆನೆಯಬೇಕು. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮತ್ತಯೋಗವನ್ನು ಅದರ ಮೂಲದಲ್ಲಿಟ್ಟಿದ್ದಾರೆ. ಎಚ್ಚರಗೇಡಿತನದಿಂದ ನಡೆದು ಇನ್ನೊಂದು ಜೀವಕ್ಕೆ ನೋವುಂಟುಮಾಡಿದರೆ ಅದು ಹಿಂಸೆ. ಮುನಿಗಳು ಈರ್ಯಾಸಮಿತಿಯನ್ನು ಪಾಲಿಸುತ್ತ ಮುಂದಿನ ನಾಲ್ಕು ಹಸ್ತದಷ್ಟು ನೆಲವನ್ನು ನೋಡಿಕೊಂಡು ನಡೆಯುತ್ತಾರೆ. ಅವರು ಹಾಗೆ ಮುಂದೆ ನೋಡುವುದು ತಮ್ಮ ಕಾಲಿಗೆ ಮುಳ್ಳು ಚುಚ್ಚೀತೆಂಬ ಭಯದಿಂದಲ್ಲ. ತಮ್ಮ ಕಾಲ ಕೆಳಗೆ ಇರುವೆಯೊಂದು ಸತ್ತೀತೆಂಬ ಕರುಣೆಯಿಂದ. ಮುಂದಾಲೋಚನೆ ಎಂಬುದು ಧರ್ಮಕ್ಕೆ ಹೊರತಾದುದಲ್ಲವೆಂದು ಇದರಿಂದ ತಿಳಿಯುತ್ತದೆ. ಆ ನೋಟವು ಯಾರ ರಕ್ಷಣೆಗಾಗಿ ಹರಿದಿದೆ ಎಂಬುದೇ ವಿಚಾರಣೀಯವಾದ ವಿಷಯ.

ಈ ಮಾತಿನ ಅರ್ಥವು ನನಗೆ ಗ್ರಂಥದಿಂದ ತಿಳಿದುದಕ್ಕಿಂತ ಹೆಚ್ಚಾಗಿ ನಮ್ಮ ಮನೆಯ ಒಂದು ಪ್ರಸಂಗದಿಂದ ತಿಳಿಯಿತು. ೧೯೮೭ರ ಮಾತು. ನಮ್ಮ ಕಾಕಾ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯನ್ನಿಟ್ಟಿದ್ದರು. ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹಕ್ಕೆ ಪರಿಮಾಣ ಮಾಡಿಕೊಂಡಿದ್ದರು: ಒಂದು ಮನೆ, ನಾಲ್ಕು ಎಕರೆ ಹೊಲ, ಇಷ್ಟು ತೊಲೆ ಬಂಗಾರ, ಇದಕ್ಕಿಂತ ಮಿಗಿಲಾದುದು ದಾನಕ್ಕೆ. ಬಾಲ್ಯದ ಗೆಳೆಯರೊಬ್ಬರು ಶೇಂಗಾ ಎಣ್ಣೆಯ ಗಿರಣಿಗಾಗಿ ಬ್ಯಾಂಕಿನಲ್ಲಿ ಸಾಲ ಪಡೆದಾಗ ಕಾಕಾ ಜಾಮೀನು ಸಹಿ ಮಾಡಿದ್ದರು. ಓದದೆ ಮಾಡಿದ ಸಹಿ. ಮನೆಯಲ್ಲಿ ಹೇಳದೆ ಮಾಡಿದ ಸಹಿ. ಗಿರಣಿ ನಿಂತಿತು, ಗೆಳೆಯರು ಊರು ಬಿಟ್ಟರು, ಎಂಬತ್ತು ಸಾವಿರ ರೂಪಾಯಿಯ ನೋಟೀಸು ಕಾಕಾ ಅವರ ಹೆಸರಿಗೆ ಬಂದಿತು.

ಹಿತೈಷಿಗಳೊಬ್ಬರು ಉಪಾಯ ಹೇಳಿದರು. “ಹಳೆಯ ತಾರೀಖಿನ ಸ್ಟ್ಯಾಂಪು ಕಾಗದ ದೊರೆಯುತ್ತದೆ. ಮನೆ, ಹೊಲ ಎಲ್ಲವೂ ಹಿಂದೆಯೇ ಭಾಗವಾಗಿ ಮಕ್ಕಳ ಪಾಲಿಗೆ ಹೋಗಿತ್ತೆಂದು ವಿಭಾಗಪತ್ರ ಬರೆದುಬಿಡಿ. ನಿಮ್ಮ ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಬ್ಯಾಂಕಿನವರು ಏನನ್ನು ಒಯ್ದಾರು?” ಆ ರಾತ್ರಿಯೆಲ್ಲ ಕಾಕಾ ನಿದ್ರಿಸಲಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ಬಂದು, ಎರಡು ಎಕರೆ ಹೊಲವನ್ನು ಮಾರುವೆನೆಂದು ಹೇಳಿದರು. ಹೊಲ ಮಾರಿದ ಹಣ ಸಾಲದೆ ಕಾಕೂ ಅವರ ಬಳೆಗಳೂ ಹೋದವು. ಹಿರಿಯ ಮಗನ ಕಾಲೇಜು ಒಂದು ವರ್ಷ ನಿಂತಿತು. ಮೂರು ವರ್ಷಗಳಲ್ಲಿ ಸಾಲ ತೀರಿತು.

ಊರಿನವರು ಕಾಕಾ ಅವರನ್ನು ಹೊಗಳಿದರು. ಕಾಕೂ ಹೊಗಳಲಿಲ್ಲ. ಒಂದು ದಿನ ಅವರು ಕಾಕಾ ಅವರಿಗೆ ಹೇಳಿದ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ: “ಸಹಿ ಮಾಡೂಮುಂದ ನನ್ನನ್ನ ಒಂದು ಮಾತು ಕೇಳಲಿಲ್ಲ ನೀವು. ವ್ರತ ನೀವು ತಗೊಂಡ್ರಿ. ಉಪವಾಸ ಮನಿಮಂದಿಗೆಲ್ಲಾ ಬಂತು.”

ಈ ಮಾತಿಗೆ ಉತ್ತರವಿಲ್ಲ. ಸುಳ್ಳು ಪತ್ರವನ್ನು ಬರೆಯದೆ ಕಾಕಾ ತಮ್ಮ ವ್ರತವನ್ನು ಕಾಪಾಡಿಕೊಂಡರೆಂಬುದು ನಿಜ. ಆದರೆ ವ್ರತಭಂಗದ ಆ ಪ್ರಸಂಗವನ್ನು ತಂದೊಡ್ಡಿದುದು ಅವರದೇ ಪ್ರಮಾದ. ೧೮೭೨ರ ಭಾರತೀಯ ಕರಾರು ಕಾಯಿದೆಯ ೧೨೮ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಜಾಮೀನುದಾರನ ಹೊಣೆಯು ಸಾಲ ಪಡೆದವನ ಹೊಣೆಯಷ್ಟೇ ವಿಸ್ತಾರವಾದುದು. ಸಾಲ ಪಡೆದವನನ್ನು ಬೆನ್ನಟ್ಟಿ ದಣಿದ ಮೇಲೆಯೇ ಜಾಮೀನುದಾರನ ಬಳಿಗೆ ಬರಬೇಕೆಂಬ ಕಟ್ಟು ಸಾಲ ಕೊಟ್ಟವನಿಗಿಲ್ಲ. ಇಷ್ಟೇ ಮೊತ್ತಕ್ಕೆ ನಾನು ಹೊಣೆ ಎಂದು ಬರೆಸಿಕೊಳ್ಳುವ ಅವಕಾಶವೂ ಇದೆ. ಮುಂದುವರಿಯುವ ಜಾಮೀನಾದರೆ ಇನ್ನು ಮುಂದಿನ ವ್ಯವಹಾರಗಳಿಗೆ ನನ್ನ ಹೊಣೆಯಿಲ್ಲವೆಂದು ತಿಳುವಳಿಕೆ ಕೊಡುವ ಅವಕಾಶವೂ ಇದೆ. ಕಾಕಾ ಇದಾವುದನ್ನೂ ಕೇಳಿ ತಿಳಿದುಕೊಳ್ಳಲಿಲ್ಲ. “ನನಗೆ ಆಸ್ತಿಯ ಮೇಲೆ ಅಷ್ಟೊಂದು ಮೋಹವಿಲ್ಲ” ಎಂಬ ಭಾವನೆಯೇ ಅವರನ್ನು ಅಜಾಗರೂಕರನ್ನಾಗಿ ಮಾಡಿತ್ತು. ಆದರೆ ಅವರು ಕಡೆಗಣಿಸಿದುದು ತಮ್ಮ ಆಸ್ತಿಯನ್ನಷ್ಟೇ ಅಲ್ಲ. ಹೆಂಡತಿ ಮಕ್ಕಳ ಅನ್ನವನ್ನು. ನಿರ್ಮೋಹಕ್ಕೂ ನಿರ್ಲಕ್ಷ್ಯಕ್ಕೂ ಇರುವ ಅಂತರವನ್ನು ಅರಿಯದವನು ಎರಡನೆಯದನ್ನೇ ಮೊದಲನೆಯದೆಂದು ಭ್ರಮಿಸುತ್ತಾನೆ. ಆ ವರ್ಷದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ, ಕಾಕಾ ಬಸದಿಗೆ ಹೊರಡುವ ಮೊದಲು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಾಕೂ ಅವರಿಗೆ ಕೈಮುಗಿದುದನ್ನು ನಾನು ಕಂಡಿದ್ದೇನೆ.

ಇನ್ನು ಅದೇ ಮಾರುಕಟ್ಟೆಯ ಮತ್ತೊಬ್ಬ ವರ್ತಕರ ವಿಚಾರ. ತಮ್ಮ ಅಂಗಡಿ ಮುಳುಗುವ ಸೂಚನೆ ದೊರೆತೊಡನೆ ಅವರು ಮನೆಯನ್ನು ಹೆಂಡತಿಯ ಹೆಸರಿಗೂ ಗೋದಾಮನ್ನು ಭಾವಮೈದುನನ ಹೆಸರಿಗೂ ಬರೆದರು. ಹಮಾಲರು ನಂಬಿ ಇಟ್ಟಿದ್ದ ಕೂಲಿಯ ಹಣವೂ, ವಿಧವೆಯೊಬ್ಬಳು ಮಗಳ ಮದುವೆಗೆಂದು ಇಟ್ಟಿದ್ದ ಹಣವೂ ಅಂಗಡಿಯೊಡನೆ ಮುಳುಗಿದವು. ಎರಡು ವರ್ಷಗಳ ಅನಂತರ ಅದೇ ಮನೆಯಲ್ಲಿ ವ್ರತದ ಉದ್ಯಾಪನೆಯು ವೈಭವದಿಂದ ನೆರವೇರಿತು. ಉಪವಾಸಗಳು ಎಣಿಕೆಗೆ ತಪ್ಪಿರಲಿಲ್ಲ. ಅಭಿಷೇಕ, ದಾನ, ಭೋಜನಗಳಲ್ಲಿ ಕೊರತೆಯಿರಲಿಲ್ಲ. ಆದರೆ ಆ ಭೋಜನದ ಅಕ್ಕಿಯಲ್ಲಿ ಹಮಾಲರ ಕೂಲಿಯೂ ಬೆಂದಿತ್ತು.

ಉಮಾಸ್ವಾಮಿಗಳು ಅಣುವ್ರತಗಳ ಅತಿಚಾರಗಳನ್ನು ಎಣಿಸುವಾಗ ಇಂತಹ ಕಾರ್ಯಗಳನ್ನು ಹೆಸರು ಹಿಡಿದು ಹೇಳಿದ್ದಾರೆ. ಸುಳ್ಳು ದಸ್ತಾವೇಜುಗಳನ್ನು ಬರೆಯುವುದು ಕೂಟಲೇಖಕ್ರಿಯೆ. ನಂಬಿ ಇಟ್ಟ ಹಣವನ್ನು ನುಂಗುವುದು ನ್ಯಾಸಾಪಹಾರ. ಇವೆರಡೂ ಸತ್ಯಾಣುವ್ರತದ ಅತಿಚಾರಗಳು. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವ ವಿರುದ್ಧರಾಜ್ಯಾತಿಕ್ರಮವು ಅಚೌರ್ಯಾಣುವ್ರತದ ಅತಿಚಾರ. ಇಂದಿನ ಕಾಯಿದೆಯೂ ಇದೇ ದಾರಿಯಲ್ಲಿ ನಡೆದಿದೆ. ಸಾಲ ಕೊಟ್ಟವರಿಗೆ ದೊರೆಯಬೇಕಾದುದನ್ನು ತಪ್ಪಿಸುವ ಅಥವಾ ತಡೆಯುವ ಉದ್ದೇಶದಿಂದ ಮಾಡಿದ ಸ್ಥಿರಾಸ್ತಿಯ ವರ್ಗಾವಣೆಯನ್ನು ಅವರು ಪ್ರಶ್ನಿಸಿ ರದ್ದುಗೊಳಿಸಬಹುದೆಂದು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೩ನೆಯ ಕಲಮು ಹೇಳುತ್ತದೆ. ಹಣ ತನ್ನದು, ಹೆಸರು ಇನ್ನೊಬ್ಬನದು ಎಂಬ ಬೇನಾಮಿ ವ್ಯವಹಾರವನ್ನು ೧೯೮೮ರ ಕಾಯಿದೆಯು ನಿಷೇಧಿಸಿತು; ೨೦೧೬ರ ತಿದ್ದುಪಡಿಯು ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಗೊತ್ತಾದ ಮೂಲದ ಸ್ವಂತ ಆದಾಯದಿಂದ ಹೆಂಡತಿಯ ಅಥವಾ ಮಕ್ಕಳ ಹೆಸರಿನಲ್ಲಿ ಕೊಂಡುದು ಮಾತ್ರ ಬೇನಾಮಿಯಾಗುವುದಿಲ್ಲ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಹೆಂಡತಿಯ ಹೆಸರಿಗೆ ಬರೆಯುವುದು ಒಂದೆಡೆ ಸಾಧು, ಇನ್ನೊಂದೆಡೆ ದೋಷ ಎಂದರೆ ಹೇಗೆ? ಕಾರ್ಯವು ಒಂದೇ ಅಲ್ಲವೇ? ಸಮಾಧಾನವೇನೆಂದರೆ: ಕಾಗದವು ಒಂದೇ ಆದರೂ ಕಾಲವೂ ಭಾವವೂ ಬೇರೆ. ಯಾರ ಋಣವೂ ಇಲ್ಲದಿರುವಾಗ, ತನ್ನದನ್ನು ತನ್ನವರಿಗೆ ನಿಜವಾಗಿ ಕೊಟ್ಟುಬಿಡುವುದು ದಾನ. ಋಣವು ತಲೆಯ ಮೇಲೆ ಬಂದ ಅನಂತರ, ಇನ್ನೊಬ್ಬನಿಗೆ ಸಲ್ಲಬೇಕಾದುದನ್ನು ತನ್ನವರ ಹೆಸರಿನಲ್ಲಿ ಅಡಗಿಸುವುದು ಅದತ್ತಾದಾನ, ಎಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಆದುದರಿಂದ ಮುಂಚಿತವಾಗಿ ವ್ಯವಸ್ಥೆ ಮಾಡುವುದೆಂದರೆ ಕೇವಲ ಜಾಣತನದ ಮಾತಲ್ಲ. ನೀತಿಯ ಮಾತೇ ಆಗಿದೆ. ತಡವಾಗಿ ಮಾಡಿದರೆ ಅದೇ ಕಾರ್ಯವು ಪಾಪವಾಗುತ್ತದೆ.

ನ್ಯಾಯವಾದ ರಕ್ಷಣೆಯ ಮಾರ್ಗಗಳನ್ನು ಪರಿಶೀಲಿಸಿದರೆ ಒಂದು ತತ್ತ್ವವು ಗೋಚರವಾಗುತ್ತದೆ. ೧೮೭೪ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯ ೬ನೆಯ ಕಲಮನ್ನು ನೋಡಿರಿ. ವಿವಾಹಿತನು ತನ್ನ ಜೀವದ ಮೇಲೆ ಮಾಡಿಸಿದ ವಿಮೆಯು ಹೆಂಡತಿ ಮಕ್ಕಳ ಹಿತಕ್ಕಾಗಿ ಎಂದು ಆ ಪಾಲಿಸಿಯಲ್ಲಿಯೇ ನಮೂದಾಗಿದ್ದರೆ ಅದು ಅವರ ಪರವಾದ ನ್ಯಾಸವಾಗುತ್ತದೆ. ಸಾಲ ಕೊಟ್ಟವರು ಅದನ್ನು ಮುಟ್ಟಲಾರರು. ಈ ಕಲಮು ಜೈನರಿಗೂ ಅನ್ವಯಿಸುತ್ತದೆ. ಆದರೆ ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ಆ ಹಣದ ಮೇಲೆ ಗಂಡನಿಗೂ ಅಧಿಕಾರವಿರುವುದಿಲ್ಲ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದ ಮಾಡಿಸಿದ ವಿಮೆಗೆ ಈ ರಕ್ಷಣೆಯೂ ಇಲ್ಲ. ನಾವು ನಿಜವಾಗಿ ಬಿಟ್ಟುಕೊಟ್ಟುದನ್ನೇ ಕಾಯಿದೆಯು ಕಾಪಾಡುತ್ತದೆ. ಬಿಟ್ಟಂತೆ ನಟಿಸಿ ಕೈಯಲ್ಲಿಯೇ ಹಿಡಿದುಕೊಂಡುದನ್ನು ಅದು ಕಾಪಾಡುವುದಿಲ್ಲ. ಬೇನಾಮಿಯು ನಿಲ್ಲದಿರುವುದು ಈ ಕಾರಣದಿಂದಲೇ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಕೊಟ್ಟಿದ್ದಾರೆ. ಮಿತಿ ಬೀಳಬೇಕಾದುದು ಇಚ್ಛೆಗೆ. ಮಿತಿಗೆ ಮೀರಿದ ಹೊಲವನ್ನು ಮಗನ ಹೆಸರಿಗೆ ಬರೆದು ಅದರ ಫಲವನ್ನು ತಾನೇ ಉಣ್ಣುವವನು ಖಾತೆಯನ್ನು ಬದಲಿಸಿದ್ದಾನೆ, ಇಚ್ಛೆಯನ್ನು ಬದಲಿಸಿಲ್ಲ.

ಉಳಿದ ಮಾರ್ಗಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೩೨ರ ಪಾಲುದಾರಿಕೆ ಕಾಯಿದೆಯಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ಣವಾಗಿ ಹೊಣೆ. ಅವನ ಮನೆಯೂ ಹೊಣೆಗೆ ಒಳಪಟ್ಟಿದೆ. ೨೦೦೮ರ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಕಾಯಿದೆಯು ಈ ಹೊಣೆಯನ್ನು ಮಿತಿಗೊಳಿಸುವ ದಾರಿಯನ್ನು ಕೊಟ್ಟಿದೆ. ಇದರಲ್ಲಿ ವಂಚನೆಯಿಲ್ಲ, ಏಕೆಂದರೆ ಮಿತಿಯು ಹೆಸರಿನಲ್ಲಿಯೇ ಬರೆದಿರುತ್ತದೆ, ಸಾಲ ಕೊಡುವವನು ತಿಳಿದೇ ಕೊಡುತ್ತಾನೆ. ಸಾರ್ವಜನಿಕ ಭವಿಷ್ಯ ನಿಧಿಯಲ್ಲಿಟ್ಟ ಉಳಿತಾಯವನ್ನು ಸಾಲದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಬ್ಯಾಂಕು ಮುಳುಗಿದರೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ೫ ಲಕ್ಷ ರೂಪಾಯಿಗಳ ವರೆಗೆ ವಿಮೆಯ ರಕ್ಷಣೆಯಿದೆ. ೨೦೨೦ರ ವರೆಗೆ ಅದು ೧ ಲಕ್ಷ ಮಾತ್ರವಾಗಿತ್ತು. ಆದರೆ ನಮ್ಮವರು ಪರಿಚಯದ ಮೇಲೆ ಹಣವಿಡುವ ಪತ್ತಿನ ಸಹಕಾರ ಸಂಘಗಳಿಗೆ ಈ ರಕ್ಷಣೆಯಿಲ್ಲ. ಅಧಿಕ ಬಡ್ಡಿಯ ಆಸೆಯಿಂದ ಮುಪ್ಪಿನ ಹಣವನ್ನೆಲ್ಲ ಒಂದೇ ಕಡೆ ಸುರಿಯುವುದು ಲೋಭ, ಪ್ರಮಾದ ಎರಡೂ ಕೂಡಿದ ಕಾರ್ಯ.

೧೯೦೮ರ ದಿವಾಣಿ ಪ್ರಕ್ರಿಯಾ ಸಂಹಿತೆಯ ೬೦ನೆಯ ಕಲಮನ್ನು ಓದುವಾಗಲೆಲ್ಲ ನನಗೆ ವ್ರತದ ಪರಿಮಾಣಪತ್ರವನ್ನು ಓದಿದಂತಾಗುತ್ತದೆ. ಎಲ್ಲವನ್ನೂ ಕಳೆದುಕೊಂಡ ಋಣಿಯಿಂದಲೂ ಕಿತ್ತುಕೊಳ್ಳಬಾರದೆಂದು ಅದು ಬಿಟ್ಟಿರುವುದು ಯಾವುದನ್ನು? ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಧಾರ್ಮಿಕ ಸಂಪ್ರದಾಯದಂತೆ ಸ್ತ್ರೀಯು ಕಳಚಲಾಗದ ಒಡವೆ, ಕುಶಲಕರ್ಮಿಯ ಉಪಕರಣ, ಬೇಸಾಯಗಾರನ ನೇಗಿಲು, ಎತ್ತು, ಬಿತ್ತನೆಯ ಕಾಳು. ಮನುಷ್ಯನಿಗೆ ಬದುಕಲು ಎಷ್ಟು ಬೇಕೆಂಬುದನ್ನು ನ್ಯಾಯಾಲಯವು ಲೆಕ್ಕ ಹಾಕಿದಾಗಲೂ ಪಟ್ಟಿಯು ಇಷ್ಟೇ ಆಯಿತು. ಅದಕ್ಕಿಂತ ಹೆಚ್ಚಾದುದೆಲ್ಲ ಋಣವು ತೀರಿದ ಮೇಲೆಯೇ ನಮ್ಮದು.

ಋಣವು ಮರಣದಿಂದಲೂ ತೀರುವುದಿಲ್ಲ. ಮರಣಶಾಸನದಲ್ಲಿ ಯಾರಿಗೆ ಏನನ್ನು ಬರೆದಿದ್ದರೂ ಸತ್ತವನ ಆಸ್ತಿಯಿಂದ ಮೊದಲು ಸಲ್ಲಬೇಕಾದುದು ಸಾಲ. ೨೦೦೫ರ ಸೆಪ್ಟೆಂಬರ್ ೯ರಿಂದ ಜಾರಿಗೆ ಬಂದ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿಯು, ಆ ಬಳಿಕ ಮಾಡಿದ ತಂದೆಯ ಸಾಲಕ್ಕಾಗಿ ಪುತ್ರಧರ್ಮವೊಂದನ್ನೇ ಆಧಾರವಾಗಿಟ್ಟು ಮಗನ ಮೇಲೆ ವ್ಯಾಜ್ಯ ಹೂಡುವ ಹಕ್ಕನ್ನು ತೆಗೆದುಹಾಕಿತು. ಕಾಯಿದೆಯು ಮಗನನ್ನು ಬಿಡುಗಡೆ ಮಾಡಿತೆಂದು ತಂದೆಯು ನಿಶ್ಚಿಂತನಾಗಿ ಸಾಲ ಮಾಡಬಹುದೇ? ಮಾಡಿದರೆ ಕಳೆದುಕೊಳ್ಳುವವನು ಮಗನ ಬದಲು ಸಾಲ ಕೊಟ್ಟವನು ಎಂಬಷ್ಟೇ ವ್ಯತ್ಯಾಸ. ಅದೇ ತಿದ್ದುಪಡಿಯು ಮಗಳಿಗೂ ಮಗನಿಗೆ ಸಮನಾದ ಹಕ್ಕನ್ನು ಕೊಟ್ಟಿದೆ. ಕರ್ನಾಟಕದಲ್ಲಿ ೧೯೯೪ರಲ್ಲಿಯೇ ಅಂತಹ ನಿಯಮವು ಬಂದಿತ್ತು. ಆಸ್ತಿಯನ್ನು ಅಪಾಯದಿಂದ ಕಾಪಾಡುವ ನೆಪದಲ್ಲಿ ಹೆಣ್ಣುಮಕ್ಕಳ ಪಾಲನ್ನು ಅಳಿಸುವವರೂ ನಮ್ಮಲ್ಲಿಲ್ಲದಿಲ್ಲ. ಮಗಳನ್ನು ಅಪಾಯವೆಂದೆಣಿಸುವ ಮುಂದಾಲೋಚನೆಗೆ ಧರ್ಮದಲ್ಲಿ ಸ್ಥಾನವಿಲ್ಲ.

ಮರಣಶಾಸನವನ್ನು ಬರೆಯುವುದು ಅಮಂಗಳವೆಂಬ ಭಾವನೆಯೂ ನಮ್ಮ ಮನೆಗಳಲ್ಲಿದೆ. ಸಲ್ಲೇಖನೆಯನ್ನು ವ್ರತಗಳ ಶಿಖರವೆಂದು ಗೌರವಿಸುವ ಸಮಾಜಕ್ಕೆ ಈ ಸಂಕೋಚವು ತಕ್ಕುದಲ್ಲ. ಬರೆದವನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಸ್ಟ್ಯಾಂಪು ಕಾಗದವೂ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬ್ಯಾಂಕಿನ ಖಾತೆಗೆ ನಾಮಿನಿಯಾದವನು ಹಣವನ್ನು ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ. ವಾರಸುದಾರರಿಗೆ ಹಂಚದೆ ತಾನೇ ಇಟ್ಟುಕೊಂಡರೆ ಅದೂ ನ್ಯಾಸಾಪಹಾರವೇ. ಜಿನಸೇನಾಚಾರ್ಯರು ನಾಲ್ಕು ದತ್ತಿಗಳಲ್ಲಿ ಅನ್ವಯದತ್ತಿಯನ್ನು ಹೇಳಿದ್ದಾರೆ. ಗೃಹಸ್ಥನು ಧನದ ಜೊತೆಗೆ ಧರ್ಮವನ್ನೂ ಮಗನ ಕೈಗೊಪ್ಪಿಸಿ ಹಗುರಾಗುವುದು ಅದರ ಲಕ್ಷಣ. ಒಂಬತ್ತನೆಯದಾದ ಪರಿಗ್ರಹತ್ಯಾಗ ಪ್ರತಿಮೆಯ ಕಡೆಗೆ ನಡೆಯುವವನಿಗೆ ಇದೇ ಮೆಟ್ಟಿಲು. ಲೆಕ್ಕವೇ ಇಲ್ಲದ ಆಸ್ತಿಯನ್ನು ತ್ಯಜಿಸುವುದಾದರೂ ಹೇಗೆ?

ಆದರೂ ವ್ಯವಸ್ಥೆಗೆ ಒಂದು ಮೇರೆಯುಂಟು. ಭಗವಾನ್ ವೃಷಭದೇವರು ದೀಕ್ಷೆಗೆ ಮೊದಲು ರಾಜ್ಯವನ್ನು ಮಕ್ಕಳಿಗೆ ಹಂಚಿಕೊಟ್ಟರು. ಅದಕ್ಕಿಂತ ಶುದ್ಧವಾದ ಹಂಚಿಕೆ ಇನ್ನಾವುದಿದ್ದೀತು? ಹೀಗಿದ್ದೂ ಭರತ ಬಾಹುಬಲಿಗಳು ಎದುರುಬದುರಾಗಿ ನಿಂತರು. ಹಂಚಿಕೆಯಲ್ಲಿ ದೋಷವಿರಲಿಲ್ಲ, ಇಚ್ಛೆಗೆ ಪರಿಮಾಣವಿರಲಿಲ್ಲ. ಆ ಜಗಳವನ್ನು ಮುಗಿಸಿದುದು ಯಾವ ಪತ್ರವೂ ಅಲ್ಲ, ಗೆದ್ದವನ ತ್ಯಾಗ. ಏನನ್ನೂ ಉಡದೆ, ಏನನ್ನೂ ಹಿಡಿಯದೆ ವಿಂಧ್ಯಗಿರಿಯ ಮೇಲೆ ಸಾವಿರ ವರ್ಷಗಳಿಗೂ ಮಿಕ್ಕಿ ನಿಂತಿರುವ ಮೂರ್ತಿಯು ಅದನ್ನೇ ಹೇಳುತ್ತಿದೆ. ಎಷ್ಟು ವಿಮೆ, ಎಷ್ಟು ಪತ್ರಗಳಿದ್ದರೂ ಅನಿತ್ಯಾನುಪ್ರೇಕ್ಷೆಗೆ ಅವು ಪರ್ಯಾಯವಲ್ಲ. ಮಾಡಬೇಕಾದುದನ್ನು ಸಕಾಲದಲ್ಲಿ ಮಾಡಿ, ಅನಂತರ ಹೋದುದನ್ನು ಹೋಗಗೊಡುವುದು ಶ್ರಾವಕನ ಮಾರ್ಗ.

ಆದಕಾರಣ ಧರ್ಮಬಂಧುಗಳಲ್ಲಿ ಒಂದು ವಿನಂತಿ. ಬರುವ ದಶಲಕ್ಷಣ ಪರ್ವಕ್ಕೆ ಮೊದಲು ಒಂದು ಸಂಜೆ ಗಂಡ ಹೆಂಡಿರು, ಬೆಳೆದ ಮಕ್ಕಳು ಒಟ್ಟಿಗೆ ಕುಳಿತುಕೊಳ್ಳಿರಿ. ಒಂದು ಪುಸ್ತಕದಲ್ಲಿ ನಾಲ್ಕು ಪಟ್ಟಿಗಳನ್ನು ಬರೆಯಿರಿ: ನಮ್ಮದು ಏನು, ನಾವು ಕೊಡಬೇಕಾದುದು ಏನು, ಇನ್ನೊಬ್ಬರದು ನಮ್ಮಲ್ಲಿರುವುದು ಏನು, ನಾವು ಯಾರಿಗೆ ಹೊಣೆ ನಿಂತಿದ್ದೇವೆ. ಎರಡನೆಯ ಮತ್ತು ಮೂರನೆಯ ಪಟ್ಟಿಗಳನ್ನು ತೀರಿಸುವ ದಾರಿಯನ್ನು ಮೊದಲು ಯೋಚಿಸಿ, ಆಮೇಲೆ ಮೊದಲನೆಯದನ್ನು ಕಾಪಾಡುವ ದಾರಿಯನ್ನು ಯೋಚಿಸಿರಿ. ಯಾವ ಪತ್ರವನ್ನು ಬರೆಯುವಾಗಲೂ, ಇದನ್ನು ನಮಗೆ ಸಾಲ ಕೊಟ್ಟವನ ಎದುರಿನಲ್ಲಿ ಗಟ್ಟಿಯಾಗಿ ಓದಬಲ್ಲೆವೇ ಎಂದು ಕೇಳಿಕೊಳ್ಳಿರಿ. ಓದಬಲ್ಲೆವಾದರೆ ಅದು ಸಮಿತಿ. ಓದಲಾರೆವಾದರೆ ಅದು ರೌದ್ರಧ್ಯಾನ.

ಕಾಕಾ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಅಂತಹ ಒಂದು ಪುಸ್ತಕವು ದೊರೆಯಿತು. ಮೊದಲ ಮೂರು ಪಟ್ಟಿಗಳು ಅವರ ಅಕ್ಷರದಲ್ಲಿದ್ದವು. ನಾಲ್ಕನೆಯದರ ಕೆಳಗೆ ಕಾಕೂ ಅವರ ಕೈಬರಹದಲ್ಲಿ ಒಂದೇ ಶಬ್ದವಿತ್ತು: “ಇಲ್ಲ.” ಆ ಶಬ್ದವನ್ನು ಬರೆದ ದಿನದಿಂದ ಆ ಮನೆಯ ಚತುರ್ದಶಿಯ ಉಪವಾಸವು ಉಪವಾಸವಾಗಿತ್ತೆಂದು ನಾನು ನಂಬುತ್ತೇನೆ. ಇತ್ಯಲಂ.